ಮ್ಯಾಂಗೋಗೆ ‘ಎಸ್’ ಸಾಕಾ, ‘ಇಎಸ್’ ಬೇಕಾ?

ಪ್ರಶ್ನೆ: ಮೇಡಂ, ಮಂಡ್ಯದಲ್ಲಿ ಫ್ಲೆಕ್ಸ್, ಬೋರ್ಡು ಮಾಡಿಕೊಡುವ ಅಂಗಡಿ ಇಟ್ಟಿದ್ದೇನೆ. ಓದಿದ್ದು ಪೂರಾ ಕನ್ನಡ ಮೀಡಿಯಂ. ಒಂದು ಹಣ್ಣಿನ ಅಂಗಡಿಗೆ ‘ಮ್ಯಾಂಗೋಸ್’ ಅಂತ ಬರೀ ಎಸ್ ಹಾಕಿ ಬೋರ್ಡು ಕೊಟ್ಟೆ. ಓನರ್ ಮಗಳು ‘ಇ ಬಿಟ್ಟುಹೋಗಿದೆ’ ಅಂದಳು. ಪಾತ್ರೆ ಅಂಗಡಿಯ ಬೋರ್ಡಿನಲ್ಲಿ ನೈಫ್‌ಗೆ ಎಸ್ ಸೇರಿಸಿ ಬರೆದೆ, ಅದೂ ವಾಪಸ್ ಬಂತು. ಈಗ ‘ಫರ್ನಿಚರ್ಸ್’ ಅನ್ನೋ ಬೋರ್ಡು ಪ್ರಿಂಟಿಗೆ ಕಾದು ಕೂತಿದೆ, ನನಗೆ ಧೈರ್ಯ ಬರುತ್ತಿಲ್ಲ. ಇಂಗ್ಲಿಷಿನಲ್ಲಿ ಬಹುವಚನ ಬರೆಯೋದಕ್ಕೆ ಒಂದೇ ಒಂದು ರೂಲು ಇದ್ದರೆ ಹೇಳಿ, ಕನ್ನಡದಲ್ಲೇ ಹೇಳಿ.

ಉತ್ತರ: ಮೊದಲು ಹಣ್ಣಿನ ಅಂಗಡಿ ವಿಚಾರ ಮುಗಿಸಿಬಿಡೋಣ. ನಿಮ್ಮ ಬೋರ್ಡು ತಪ್ಪಲ್ಲ. ಮ್ಯಾಂಗೋಗೆ ಬರೀ ಎಸ್ ಹಾಕಿದರೂ ಸರಿ, ಇ ಸೇರಿಸಿ ಎಸ್ ಹಾಕಿದರೂ ಸರಿ. ಡಿಕ್ಷನರಿಗಳು ಎರಡನ್ನೂ ಒಪ್ಪುತ್ತವೆ. ಆ ಹುಡುಗಿಯನ್ನೂ ಬೈಯಬೇಡಿ, ನಮ್ಮ ಶಾಲೆಗಳಲ್ಲಿ ಇಎಸ್ ಅಂತಲೇ ಹೇಳಿಕೊಡುತ್ತಾರೆ. ಚಾಕುವಿನ ಬೋರ್ಡು ವಾಪಸ್ ಕಳಿಸಿದ್ದು ಮಾತ್ರ ನ್ಯಾಯ. ಇನ್ನು ಆ ಫರ್ನಿಚರ್ ಬೋರ್ಡು. ಇದನ್ನು ಪೂರ್ತಿ ಓದುವ ತನಕ ಪ್ರಿಂಟಿಗೆ ಕೊಡಬೇಡಿ.

ಒಂದೇ ರೂಲು ಕೇಳಿದ್ದೀರಿ. ಇಲ್ಲ. ಆದರೆ ಮುಕ್ಕಾಲು ಪಾಲು ಕೆಲಸವನ್ನು ನಿಮ್ಮ ಕಿವಿಯೇ ಮಾಡಿಕೊಡುತ್ತದೆ. ಮೈಸೂರಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿ ನಾನು ಕಂಡದ್ದು ಇದು: ರೂಲು ಬಾಯಿಪಾಠ ಮಾಡಿದ ಮಕ್ಕಳು ಪರೀಕ್ಷೆಯಲ್ಲಿ ತಡವರಿಸುತ್ತಿದ್ದರು, ಪದವನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡು ಬರೆಯುವವರು ಸರಿಯಾಗಿ ಬರೆಯುತ್ತಿದ್ದರು.

‘ಬಸ್’ ಅನ್ನಿ. ಅದರ ಬಾಲಕ್ಕೆ ಇನ್ನೊಂದು ‘ಸ್’ ಅಂಟಿಸಿ ಹೇಳಿ ನೋಡಿ. ಹಾವು ಬುಸುಗುಟ್ಟಿದ ಹಾಗಾಗುತ್ತದೆ, ಒಂದು ಬಸ್ಸೋ ಹತ್ತು ಬಸ್ಸೋ ಗೊತ್ತಾಗುವುದಿಲ್ಲ. ಅದಕ್ಕೇ ಇಂಗ್ಲಿಷಿನವರು ನಡುವೆ ಒಂದು ಇ ತೂರಿಸಿ ‘ಬಸಸ್’ ಅಂತ ಎರಡು ತುಂಡಾಗಿ ಹೇಳುತ್ತಾರೆ. ನಾವೂ ಮಾಡುವುದು ಅದನ್ನೇ ಅಲ್ವಾ? ಬಸ್ ಜೊತೆ ‘ಗಳು’ ನೇರವಾಗಿ ಕೂರುವುದಿಲ್ಲ ಅಂತ ಮೊದಲು ‘ಬಸ್ಸು’ ಮಾಡಿಕೊಂಡು, ಆಮೇಲೆ ‘ಬಸ್ಸುಗಳು’ ಅನ್ನುತ್ತೇವೆ. ಅವರಿಗೆ ಇ, ನಮಗೆ ಉ. ಹೀಗೆ ಬುಸುಗುಟ್ಟುವ ಕೊನೆ ಇರುವ ಪದಗಳಿಗೆಲ್ಲ ಇಎಸ್ ಬರೆಯಿರಿ: ಬಸ್, ಗ್ಲಾಸ್, ಬಾಕ್ಸ್, ಬ್ರಷ್, ಡಿಶ್, ಬೆಂಚ್, ವಾಚ್. ಕ್ವಿಜ್ ಮಾತ್ರ ಸ್ವಲ್ಪ ತರಲೆ, ಅದಕ್ಕೆ ಇಎಸ್ ಹಾಕುವ ಮುಂಚೆ ಕೊನೆಯ ಝಡ್ ಎರಡಾಗುತ್ತದೆ.

ಪುಸ್ತಕದಲ್ಲಿ ಇದನ್ನೇ ‘ಎಸ್, ಎಕ್ಸ್, ಝಡ್, ಸಿಎಚ್, ಎಸ್‌ಎಚ್ ಬಂದರೆ ಇಎಸ್’ ಅಂತ ಬರೆದಿರುತ್ತಾರೆ. ಅದನ್ನು ಉರು ಹೊಡೆದವರು ಹೊಟ್ಟೆಯ ಹತ್ತಿರ ಬಂದು ಮುಗ್ಗರಿಸುತ್ತಾರೆ. ಸ್ಟಮಕ್ ಪದದ ಕೊನೆಯಲ್ಲೂ ಸಿಎಚ್ ಇದೆ. ಆದರೆ ಕಿವಿಗೆ ಕೇಳಿಸುವುದು ‘ಕ್’. ಬುಸುಗುಟ್ಟುವುದೇ ಇಲ್ಲ. ಹಾಗಾಗಿ ಬರೀ ಎಸ್. ರಾಜನಿಗೆ ಹೇಳುವ ಮೊನಾರ್ಕ್‌ಗೂ ಅಷ್ಟೇ. ಕಣ್ಣಿಗಿಂತ ಕಿವಿ ನಂಬಿ ಅಂದದ್ದು ಇದಕ್ಕೇ.

ಜ್ಯೂಸ್, ಹೌಸ್, ಸೈಜ್ ಇಂಥವು ಬುಸುಗುಟ್ಟಿದರೂ ಅವುಗಳ ಕೊನೆಯಲ್ಲಿ ಇ ಆಗಲೇ ಕೂತಿರುತ್ತದೆ. ಎಸ್ ಒಂದು ಹಾಕಿದರೆ ಮುಗಿಯಿತು. ಕಬ್ಬಿನ ಹಾಲಿನ ಗಾಡಿಯ ಬೋರ್ಡು ನಿಮ್ಮ ಊರಲ್ಲಿ ಜಾಸ್ತಿ ಬರುತ್ತದಲ್ಲ, ಆವಾಗ ನೆನಪಿಡಿ.

ಮುಂದೆ ವೈ. ಇದು ಬೋರ್ಡು ಬರೆಯುವವರಿಗೆ ದಿನಾ ಎದುರಾಗುವ ಅಕ್ಷರ. ಲೇಡಿ, ಲಾರಿ, ಬ್ಯಾಟರಿ, ಬೇಬಿ, ಪಾರ್ಟಿ. ವೈ ಹಿಂದೆ ವ್ಯಂಜನ ಇದ್ದರೆ ವೈ ತೆಗೆದು ಐಇಎಸ್ ಹಾಕಬೇಕು. ‘ಲೇಡೀಸ್ ಟೈಲರ್’ ಅನ್ನುವುದರಲ್ಲಿ ಇದನ್ನು ಸಾವಿರ ಸಲ ಬರೆದಿರುತ್ತೀರಿ. ವೈ ಹಿಂದೆ ಸ್ವರ ಇದ್ದರೆ, ಅಂದರೆ ಕೀ, ಟಾಯ್, ಡೇ ಥರದ್ದು, ವೈ ಮುಟ್ಟದೆ ಎಸ್ ಹಾಕಿ. ಇದಕ್ಕೆ ಕಾರಣ ತುಂಬಾ ಸರಳ. ಹಿಂದೆ ಇಂಗ್ಲಿಷಿನವರು ಲೇಡಿ, ಸಿಟಿ ಪದಗಳನ್ನು ಕೊನೆಗೆ ಐಇ ಹಾಕಿಯೂ ಬರೆಯುತ್ತಿದ್ದರು. ಏಕವಚನದಲ್ಲಿ ವೈ ಗೆದ್ದಿತು, ಬಹುವಚನದಲ್ಲಿ ಹಳೇ ಐಇ ಹಾಗೇ ಉಳಿಯಿತು.

ನೀವು ಅಪಾರ್ಟ್‌ಮೆಂಟಿನ ಬೋರ್ಡೂ ಮಾಡುತ್ತೀರಾ? ಹಾಗಾದರೆ ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಕಾಲಿಡಿ. ಮಹಡಿಗೆ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಸ್ಟೋರಿ’ ಅನ್ನುವಾಗ ಕೊನೆಗೆ ಇವೈ ಇರುತ್ತದೆ. ಹಾಗಾಗಿ ಮಹಡಿಗಳಿಗೆ ಇವೈಎಸ್. ಕಥೆಗೆ ಹೇಳುವ ಸ್ಟೋರಿಗೆ ಬರೀ ವೈ, ಕಥೆಗಳಿಗೆ ಐಇಎಸ್. ಎರಡೂ ಬಾಯಲ್ಲಿ ಒಂದೇ. ಇಲ್ಲಿ ಕಿವಿ ಕೈಕೊಡುತ್ತದೆ. ಅಮೆರಿಕದವರು ಎರಡಕ್ಕೂ ಕಥೆಯ ಸ್ಪೆಲಿಂಗನ್ನೇ ಬಳಸಿ ಗೊಡವೆ ಕಳೆದುಕೊಂಡಿದ್ದಾರೆ. ನಾವು ಶಾಲೆಯಲ್ಲಿ ಕಲಿಯುವುದು ಬ್ರಿಟಿಷ್ ಸ್ಪೆಲಿಂಗ್ ಆದ್ದರಿಂದ ‘ಮೂರು ಮಹಡಿ’ ಬರೆಯುವ ಕಡೆ ‘ಮೂರು ಕಥೆ’ ಬರೆದು ಕೂರಬೇಡಿ.

ಮನುಷ್ಯರ ಹೆಸರಿಗೆ ಈ ಯಾವ ಆಟವೂ ಇಲ್ಲ. ರೆಡ್ಡಿ ಅನ್ನುವವರ ಮನೆಯವರೆಲ್ಲ ಸೇರಿ ಅಂಗಡಿ ತೆಗೆದರೆ ‘ರೆಡ್ಡೀಸ್’ ಬರೆಯುವಾಗ ವೈ ಕೀಳಬಾರದು, ಎಸ್ ಅಂಟಿಸಿದರೆ ಸಾಕು. ಕೆನಡಾದ ಟೊರಾಂಟೊದಲ್ಲಿ ಒಂದು ಐಸ್ ಹಾಕಿ ತಂಡ ಇದೆ, 1927ರಿಂದ ಅದರ ಹೆಸರು ‘ಮೇಪಲ್ ಲೀಫ್ಸ್’. ಎಲೆಗಳಿಗೆ ‘ಲೀವ್ಸ್’ ಅನ್ನಬೇಕು ಅಂತ ಅವರಿಗೂ ಗೊತ್ತು. ಆದರೆ ಅದು ಹೆಸರು, ಹೆಸರಿನ ಅಕ್ಷರ ಬದಲಾಯಿಸುವ ಹಕ್ಕು ವ್ಯಾಕರಣಕ್ಕಿಲ್ಲ.

ಲೀಫ್ ಬಂತು, ಹಾಗಾದರೆ ನಿಮ್ಮ ಚಾಕುವಿಗೂ ಬರೋಣ. ಇದು ನನಗೆ ತುಂಬಾ ಇಷ್ಟದ ಜಾಗ, ಸ್ವಲ್ಪ ಜಾಸ್ತಿ ಮಾತಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಚಾಕು ಒಂದಿದ್ದರೆ ನೈಫ್. ಎರಡಾದರೆ ಎಫ್ ಹೋಗಿ ವಿ ಬರುತ್ತದೆ, ನೈವ್ಸ್. ಇದನ್ನು ಇಂಗ್ಲಿಷಿನವರ ಹುಚ್ಚು ಅಂದುಕೊಳ್ಳುತ್ತೀರಿ. ಈಗ ನೀವೇ ಹೇಳಿ, ‘ಮಳೆ’ ಮತ್ತು ‘ಕಾಲ’ ಸೇರಿದರೆ ಏನಾಗುತ್ತದೆ? ಮಳೆಗಾಲ. ಬೆಟ್ಟಕ್ಕೆ ತಾವರೆ ಸೇರಿದರೆ ಬೆಟ್ಟದಾವರೆ. ಹೈಸ್ಕೂಲಿನ ಆದೇಶ ಸಂಧಿ ನೆನಪಾಯಿತಾ? ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಗಡುಸು ‘ಕ’ ಮೆತ್ತಗಾಗಿ ‘ಗ’ ಆಗುತ್ತದೆ, ‘ತ’ ಮೆತ್ತಗಾಗಿ ‘ದ’ ಆಗುತ್ತದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಆದದ್ದು ಇದೇ. ಆಗ ತೋಳಕ್ಕೆ ‘ವುಲ್ಫ್’, ತೋಳಗಳಿಗೆ ‘ವುಲ್ಫಸ್’ ಅಂತ ಬರೆಯುತ್ತಿದ್ದರು. ಎಫ್ ಆದ ಮೇಲೆ ಒಂದು ಸ್ವರ ಇತ್ತು, ನೋಡಿ. ಆ ಸ್ವರ ಪಕ್ಕಕ್ಕೆ ಬಂದ ಕೂಡಲೇ ಗಡುಸು ‘ಫ್’ ಬಾಯಲ್ಲಿ ಮೆತ್ತಗಾಗಿ ‘ವ್’ ಆಗುತ್ತಿತ್ತು. ಕಾಲ ಕಳೆದ ಹಾಗೆ ಆ ಸ್ವರ ಸವೆದು ಮಾಯವಾಯಿತು. ಮೆತ್ತಗಾದ ‘ವ್’ ಮಾತ್ರ ಹಿಂದೆ ಉಳಿದುಕೊಂಡಿತು. ಇವತ್ತು ನಾವು ಬರೆಯುವ ನೈವ್ಸ್, ವೈವ್ಸ್, ಲೀವ್ಸ್ ಎಲ್ಲ ಆ ಸವೆದುಹೋದ ಸಂಧಿಯ ಗುರುತು.

ಹೀಗೆ ಬದಲಾಗುವ ಪದಗಳು ಹೆಚ್ಚಿಲ್ಲ, ಒಂದು ಡಜನ್ ಚಿಲ್ಲರೆ. ನನ್ನ ಕ್ಲಾಸಿನಲ್ಲಿ ಅದಕ್ಕೆ ಒಂದು ಕಥೆ ಕಟ್ಟಿ ಹೇಳುತ್ತಿದ್ದೆ: ಕಳ್ಳನೊಬ್ಬ ಹೆಂಡತಿ ಜೊತೆ ಚಾಕು ಹಿಡಿದು ಬಂದು, ಶೆಲ್ಫಿನ ಮೇಲಿದ್ದ ಬ್ರೆಡ್ಡಿನಲ್ಲಿ ಅರ್ಧ ಕದ್ದು, ಎಲೆ ಮರೆಯಲ್ಲಿ ಕೂತ, ಅಷ್ಟರಲ್ಲಿ ತೋಳ ಬಂದು ಕರುವಿನ ಜೀವ ತೆಗೆಯಿತು. ಥೀಫ್, ವೈಫ್, ನೈಫ್, ಶೆಲ್ಫ್, ಲೋಫ್, ಹಾಫ್, ಲೀಫ್, ವುಲ್ಫ್, ಕಾಫ್, ಲೈಫ್. ಹತ್ತು ಆಯಿತು. ಕರು ಪಾಪ, ಆದರೆ ಒಂದು ಮಗುವೂ ಮರೆಯುತ್ತಿರಲಿಲ್ಲ.

ಉಳಿದವಕ್ಕೆ ಸುಮ್ನೆ ಎಸ್ ಹಾಕಿ. ಚೀಫ್, ಪ್ರೂಫ್ ಇವೆಲ್ಲ ಆಮೇಲೆ ಫ್ರೆಂಚಿನಿಂದ ಬಂದು ಸೇರಿಕೊಂಡ ಪದಗಳು, ಹಳೇ ಸಂಧಿ ಅವಕ್ಕೆ ತಾಗಲಿಲ್ಲ. ರೂಫ್ ಹಳೇ ಇಂಗ್ಲಿಷಿನದೇ, ಆದರೂ ಇವತ್ತು ‘ರೂಫ್ಸ್’ ಅನ್ನುವುದೇ ಸರಿ. ಶೀಟಿನ ಅಂಗಡಿಯವರಿಗೆ ಹಾಗೇ ಮಾಡಿಕೊಡಿ. ಸ್ಕಾರ್ಫ್‌ಗೆ ಎರಡೂ ನಡೆಯುತ್ತದೆ. ಅನುಮಾನ ಬಂದಾಗ ಜೋರಾಗಿ ಹೇಳಿ, ‘ಫ್’ ಕೇಳಿದರೆ ಎಫ್, ‘ವ್’ ಕೇಳಿದರೆ ವಿ.

ಇನ್ನು ಓ. ಇಲ್ಲಿ ಕಿವಿಯಿಂದ ಏನೂ ಉಪಯೋಗ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಕೇಳುವುದಕ್ಕೆ ಒಂದೇ. ಕಡ್ಡಾಯವಾಗಿ ಇಎಸ್ ಬೇಕಾದವುಗಳಲ್ಲಿ ನಾಲ್ಕೇ ನಾಲ್ಕನ್ನು ನೆನಪಿಟ್ಟುಕೊಳ್ಳಿ: ಟೊಮ್ಯಾಟೊ, ಪೊಟ್ಯಾಟೊ, ಹೀರೊ, ಎಕೊ. ಎರಡು ತರಕಾರಿ, ಒಬ್ಬ ನಾಯಕ, ಅವನ ಮಾತಿನ ಪ್ರತಿಧ್ವನಿ. ವೀಟೊ, ಟಾರ್ಪಿಡೊ ಕೂಡ ಇದೇ ಗುಂಪು, ಆದರೆ ಮಂಡ್ಯದಲ್ಲಿ ಟಾರ್ಪಿಡೊ ಅಂಗಡಿಗೆ ಯಾರೂ ಬೋರ್ಡು ಕೇಳಲಾರರು. ಬರೀ ಎಸ್ ಸಾಕಾದವು ಎರಡು ಥರ. ಉದ್ದ ಪದ ಕತ್ತರಿಸಿ ಮಾಡಿಕೊಂಡವು ಒಂದು: ಫೋಟೊ, ಕಿಲೊ, ಆಟೊ, ಲೋಗೊ. ಓ ಹಿಂದೆ ಇನ್ನೊಂದು ಸ್ವರ ಇರುವಂಥವು ಇನ್ನೊಂದು: ರೇಡಿಯೊ, ವಿಡಿಯೊ, ಸ್ಟುಡಿಯೊ. ಪಿಯಾನೊ ಕೂಡ ಉದ್ದ ಹೆಸರಿನ ತುಂಡೇ. ಮ್ಯಾಂಗೊ, ಮಸ್ಕಿಟೊ, ಬಫಲೊ, ಕಾರ್ಗೊ ಎರಡು ದೋಣಿಯಲ್ಲೂ ಕಾಲಿಟ್ಟಿವೆ. ನನ್ನನ್ನು ಕೇಳಿದರೆ ಮಾವಿಗೆ ಮುಂದಿನ ಸಲ ಇಎಸ್ ಹಾಕಿ. ಅದು ಹೆಚ್ಚು ಜನರಿಗೆ ಒಗ್ಗಿದ ರೂಪ, ಬೋರ್ಡು ವಾಪಸ್ ಬರುವುದಿಲ್ಲ.

ಈ ಇ ದೊಡ್ಡ ದೊಡ್ಡವರನ್ನೂ ಬೀಳಿಸಿದೆ. 1992ರ ಜೂನ್ 15. ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ನ್ಯೂಜರ್ಸಿಯ ಟ್ರೆಂಟನ್‌ನಲ್ಲಿ ಒಂದು ಶಾಲೆಗೆ ಹೋಗಿದ್ದರು. ಹನ್ನೆರಡು ವರ್ಷದ ಹುಡುಗನೊಬ್ಬ ಬೋರ್ಡಿನ ಮೇಲೆ ಪೊಟ್ಯಾಟೊ ಅಂತ ಸರಿಯಾಗಿಯೇ ಬರೆದ. ಕೊನೆಯಲ್ಲಿ ಇನ್ನೂ ಏನೋ ಬಾಕಿ ಇದೆ ಅಂತ ಸೂಚನೆ ಕೊಟ್ಟು, ಕ್ವೇಲ್ ಅವನ ಕೈಯಲ್ಲಿ ಒಂದು ಇ ಸೇರಿಸಿಸಿದರು. ಅವರ ಕೈಯಲ್ಲಿದ್ದ ಕಾರ್ಡಿನಲ್ಲೂ ಹಾಗೇ ತಪ್ಪಾಗಿತ್ತಂತೆ. ಬಹುವಚನದಲ್ಲಿ ಇ ನೋಡಿ ನೋಡಿ ಏಕವಚನಕ್ಕೂ ಅದು ಅಂಟಿಕೊಂಡುಬಿಡುತ್ತದೆ. ಕ್ಯಾಮೆರಾ ಎದುರಿಗೇ ಆದದ್ದರಿಂದ ಊರೆಲ್ಲ ನಕ್ಕಿತು. ಅದೇ ನವೆಂಬರಿನಲ್ಲಿ ಅವರ ಪಕ್ಷ ಚುನಾವಣೆಯನ್ನೂ ಸೋತಿತು. ಆಲೂಗೆಡ್ಡೆಯಿಂದಲೇ ಸೋತರು ಅಂತ ನಾನು ಹೇಳುತ್ತಿಲ್ಲ.

ಎಸ್ಸನ್ನೇ ಮುಟ್ಟದೆ ಒಳಗಿನ ಸ್ವರ ಬದಲಾಯಿಸಿಕೊಳ್ಳುವ ಪದಗಳು ನಿಮಗೆ ಗೊತ್ತೇ ಇವೆ: ಮ್ಯಾನ್ ಮೆನ್, ಫುಟ್ ಫೀಟ್, ಟೂತ್ ಟೀತ್, ಗೂಸ್ ಗೀಸ್, ಮೌಸ್ ಮೈಸ್. ಉದ್ದ ಹೇಳಲ್ಲ. ಒಂದು ಉತ್ತರ ಪತ್ರಿಕೆ ಮಾತ್ರ ನೆನಪಾಗುತ್ತದೆ. ಹುಡುಗನೊಬ್ಬ ಮುಂಗುಸಿಗಳಿಗೆ ‘ಮಾಂಗೀಸ್’ ಅಂತ ಬರೆದಿದ್ದ. ಗೂಸ್ ಗೀಸ್ ಆದರೆ ಮಾಂಗೂಸ್ ಮಾಂಗೀಸ್ ಆಗಬೇಕಲ್ಲ, ಅವನ ಲೆಕ್ಕ ಸರಿಯಾಗಿಯೇ ಇತ್ತು. ಮನಸ್ಸಿಲ್ಲದೆ ತಪ್ಪು ಹಾಕಿದೆ. ಯಾಕೆಂದರೆ ಮಾಂಗೂಸ್‌ಗೂ ಬಾತುಕೋಳಿಯ ಜಾತಿಯ ಗೂಸ್‌ಗೂ ನೆಂಟಸ್ತಿಕೆಯೇ ಇಲ್ಲ. ಅದು ಇಂಗ್ಲಿಷಿಗೆ ಹೋದದ್ದು ನಮ್ಮ ಕಡೆಯಿಂದ. ಮರಾಠಿಯ ‘ಮುಂಗೂಸ್’, ಕನ್ನಡದ ‘ಮುಂಗುಸಿ’ ಎಲ್ಲ ಒಂದೇ ಮನೆಯ ಪದಗಳು. ಹಾಗಾಗಿ ‘ಮಾಂಗೂಸಸ್’. ಕೊನೆಯಲ್ಲಿ ಇ ಇದೆ, ಎಸ್ ಸಾಕು.

ಚೈಲ್ಡ್ ಚಿಲ್ಡ್ರನ್ ಕಂಡು ನಗುವವರಿಗೆ ನಾನು ಕೇಳುವುದು, ಮಗು ಮಕ್ಕಳು ಆಗಿದ್ದು ಹೇಗೆ ಅಂತ. ಇನ್ನೊಂದು ತಮಾಷೆ ಇದೆ. ಚಿಲ್ಡ್ರನ್ ಒಳಗೆ ಎರಡು ಬಹುವಚನ ಒಂದರ ಮೇಲೊಂದು ಕೂತಿವೆ. ಹಿಂದೆ ‘ಚಿಲ್ಡರ್’ ಅಂದರೇ ಮಕ್ಕಳು ಅಂತ ಆಗುತ್ತಿತ್ತು. ಅದು ಜನರಿಗೆ ಸಾಲದೆ ಇನ್ನೊಂದು ‘ಎನ್’ ಪ್ರತ್ಯಯ ಹೊದಿಸಿದರು. ನಾವು ‘ಲೇಡೀಸ್‌ಗಳು’, ‘ಫ್ರೆಂಡ್ಸ್‌ಗಳು’ ಅನ್ನುವುದಿಲ್ಲವಾ, ಥೇಟ್ ಹಾಗೆ.

ಫೀಟ್ ಅಂದಾಗ ನಿಮ್ಮ ನೂರಡಿ ರಸ್ತೆಯ ನೆನಪಾಯಿತು. ಅಲ್ಲಿಯ ಅಂಗಡಿಗಳ ವಿಳಾಸದಲ್ಲಿ ‘ಹಂಡ್ರೆಡ್ ಫೀಟ್ ರೋಡ್’ ಅಂತ ಬರೆಯುವುದು ರೂಢಿ. ಇಂಗ್ಲಿಷ್ ಲೆಕ್ಕಕ್ಕೆ ಅದು ‘ಹಂಡ್ರೆಡ್ ಫುಟ್ ರೋಡ್’ ಆಗಬೇಕು. ಅಳತೆಯನ್ನು ಇನ್ನೊಂದು ಪದದ ಮುಂದೆ ಜೋಡಿಸಿದಾಗ ಅದು ಏಕವಚನದಲ್ಲೇ ಇರುತ್ತದೆ. ಐದು ರೂಪಾಯಿ ನಾಣ್ಯ ‘ಫೈವ್ ರುಪೀ ಕಾಯಿನ್’, ಎಸ್ ಇಲ್ಲ. ಕನ್ನಡದಲ್ಲಿ ನಾವು ‘ನೂರಡಿಗಳ ರಸ್ತೆ’ ಅನ್ನುವುದಿಲ್ಲ, ನೋಡಿ. ಕನ್ನಡದಂತೆ ಯೋಚಿಸಿದ್ದರೆ ಇಂಗ್ಲಿಷೂ ಸರಿ ಬರುತ್ತಿತ್ತು. ಆದರೆ ಅದು ಈಗ ರಸ್ತೆಯ ಹೆಸರೇ ಆಗಿಹೋಗಿದೆ. ನೀವೊಬ್ಬರು ತಿದ್ದಿದರೆ ಕೊರಿಯರ್ ಹುಡುಗರಿಗೆ ತೊಂದರೆ, ಹಾಗೇ ಬಿಡಿ.

ಇಷ್ಟೆಲ್ಲ ಹೇಳಿದರೂ ನಮ್ಮ ಬೋರ್ಡುಗಳಲ್ಲಿ ನಾನು ಹೆಚ್ಚಾಗಿ ನೋಡುವ ತಪ್ಪು ಇದ್ಯಾವುದೂ ಅಲ್ಲ. ಒಂದು, ಎಸ್ ಮೇಲೆ ತೂಗುವ ಆ ಕೊಕ್ಕೆ. ಅಪಾಸ್ಟ್ರಫಿ. ‘ಇಡ್ಲಿ, ದೋಸೆ, ಜ್ಯೂಸ್’ ಎಲ್ಲದರ ಎಸ್ಸಿಗೂ ಮುಂಚೆ ಒಂದು ಕೊಕ್ಕೆ. ಅದು ‘ಇಡ್ಲಿಯ’ ಅಂತ ಆಯಿತೇ ಹೊರತು ‘ಇಡ್ಲಿಗಳು’ ಅಂತ ಆಗಲಿಲ್ಲ. ಇಡ್ಲಿಯ ಏನು? ಚಟ್ನಿಯಾ? ಬ್ರಿಟನ್ನಿನಲ್ಲೂ ಈ ಚಾಳಿ ಎಷ್ಟಿದೆಯೆಂದರೆ ಅದಕ್ಕೆ ‘ತರಕಾರಿ ಅಂಗಡಿಯವನ ಅಪಾಸ್ಟ್ರಫಿ’ ಅಂತಲೇ ಹೆಸರಿಟ್ಟಿದ್ದಾರೆ. ಎಂಎಲ್‌ಎಗಳಿಗೂ ಕೊಕ್ಕೆ ಬೇಡ, ಸಿಡಿಗಳಿಗೂ ಬೇಡ. ಅಂದಹಾಗೆ, ಇಡ್ಲಿಯ ಕೊನೆಗೆ ವೈ ಹಾಕಿ ಬರೆಯುವ ಹೋಟೆಲಿನವರು ನಮ್ಮಲ್ಲಿ ಬೇಕಾದಷ್ಟು ಜನ. ಹಾಗೆ ಬರೆದರೆ ಇಂಗ್ಲಿಷಿನಲ್ಲಿ ‘ಸೋಮಾರಿಯಾಗಿ’ ಅಂತ ಅರ್ಥ. ಕೊನೆಗೆ ಐ ಹಾಕಿ, ಬಹುವಚನಕ್ಕೆ ಬರೀ ಎಸ್ ಸೇರಿಸಿ. ಚಪಾತಿ, ಟ್ಯಾಕ್ಸಿ ಎಲ್ಲ ಹಾಗೇ.

ಎಸ್ ಎಲ್ಲಿ ಕೂರಬೇಕು ಅನ್ನುವುದೂ ಒಂದು ರಗಳೆ. ನಮ್ಮ ಮನೆಯ ಮದುವೆಯೊಂದರಲ್ಲಿ ಲಗ್ನಪತ್ರಿಕೆಯ ಇಂಗ್ಲಿಷ್ ಪುಟ ತಿದ್ದುವ ಕೆಲಸ ನನ್ನ ತಲೆಗೆ ಬಿತ್ತು. ಭಾವಂದಿರ ಹೆಸರುಗಳ ಮೇಲೆ ‘ಬ್ರದರ್ಸ್ ಇನ್ ಲಾ’ ಅಂತ ಸರಿಯಾಗಿ ಬರೆದುಕೊಟ್ಟೆ. ಪ್ರೆಸ್ಸಿನವರು ‘ಪಾಪ, ಮೇಡಂ ಎಸ್ ತಪ್ಪು ಜಾಗದಲ್ಲಿ ಹಾಕಿದ್ದಾರೆ’ ಅಂತ ಕನಿಕರಪಟ್ಟು ಅದನ್ನು ‘ಲಾ’ ಪಕ್ಕಕ್ಕೆ ಸಾಗಿಸಿ ಐನೂರು ಪ್ರತಿ ಅಚ್ಚು ಹಾಕಿಬಿಟ್ಟರು. ಹೆಚ್ಚಾಗಿರುವುದು ಅಣ್ಣತಮ್ಮಂದಿರು, ಕಾನೂನು ಅಲ್ಲ. ಆದ್ದರಿಂದ ಎಸ್ ಬ್ರದರ್ ಪಕ್ಕಕ್ಕೇ ಸೇರಬೇಕು. ನೆಂಟರಲ್ಲಿ ಯಾರೂ ಗಮನಿಸಲಿಲ್ಲ, ನನಗೆ ಮಾತ್ರ ಆ ದಿನ ಹೋಳಿಗೆ ರುಚಿಸಲಿಲ್ಲ.

ಎರಡನೇ ತಪ್ಪು, ಎಸ್ ಬೇಡದ ಕಡೆ ಎಸ್. ಇಲ್ಲೇ ನಿಮ್ಮ ಫರ್ನಿಚರ್ ಇರುವುದು. ಕನ್ನಡದಲ್ಲಿ ‘ಸಾಮಾನು’ ಅನ್ನುತ್ತೇವಲ್ಲ. ಮನೆ ಖಾಲಿ ಮಾಡುವಾಗ ‘ಸಾಮಾನೆಲ್ಲ ಲಾರಿಗೆ ಹಾಕಿದ್ವಿ’ ಅನ್ನುತ್ತೇವೆ, ಎಷ್ಟೇ ಇದ್ದರೂ ‘ಸಾಮಾನುಗಳು’ ಅಂತ ಅಷ್ಟಾಗಿ ಬರುವುದಿಲ್ಲ. ಫರ್ನಿಚರ್ ಅಂಥ ಪದ. ನೂರು ಕುರ್ಚಿ ಇರಲಿ, ಹತ್ತು ಮಂಚ ಇರಲಿ, ಎಲ್ಲ ಸೇರಿ ಫರ್ನಿಚರ್. ಲಗೇಜ್, ಸ್ಟೇಷನರಿ, ಇನ್ಫರ್ಮೇಶನ್, ಎಕ್ವಿಪ್‌ಮೆಂಟ್, ಹೋಮ್‌ವರ್ಕ್ ಎಲ್ಲ ಇದೇ ಗುಂಪು. ಯಾವುದಕ್ಕೂ ಎಸ್ ಬೇಡ. ಒಂದೊಂದನ್ನೇ ಎಣಿಸಬೇಕಾದರೆ ‘ಪೀಸಸ್ ಆಫ್ ಫರ್ನಿಚರ್’ ಅನ್ನುತ್ತಾರೆ, ಬೋರ್ಡಿಗೆ ಅದು ಅಗತ್ಯವಿಲ್ಲ.

ಅಂಗಡಿಯಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ಡಿಕ್ಷನರಿ ಇಟ್ಟುಕೊಳ್ಳಿ, ಫೋನಿನಲ್ಲಿದ್ದರೂ ಆಗುತ್ತದೆ. ಪದದ ಪಕ್ಕದಲ್ಲಿ ಬಹುವಚನ ಬೇರೆಯಾಗಿ ಕೊಟ್ಟಿದ್ದರೆ ಏನೋ ವಿಶೇಷ ಇದೆ ಅಂತ, ಕೊಡದಿದ್ದರೆ ಸಾಮಾನ್ಯವಾಗಿ ಮಾಮೂಲಿ ರೂಲೇ. ಲ್ಯಾಟಿನ್ನಿನಿಂದ ಬಂದ ಪದಗಳಿಗಂತೂ ಇದೇ ಸುಲಭ ದಾರಿ. ಹಳೇ ವಿದ್ಯಾರ್ಥಿಗಳ ಕೂಟದ ಬ್ಯಾನರ್ ಮಾಡುವಾಗ ಮಾತ್ರ ಒಂದು ನೆನಪಿಡಿ: ‘ಅಲಮ್ನೈ’ ಆಗಲೇ ಬಹುವಚನ, ಅದಕ್ಕೆ ಮತ್ತೆ ಎಸ್ ಹಾಕಬಾರದು.

ಫರ್ನಿಚರ್ ಅಂಗಡಿಯ ಓನರು ಎಸ್ ತೆಗೆದರೆ ಬೋರ್ಡು ಬೋಳುಬೋಳು ಕಾಣುತ್ತದೆ, ಒಂದೇ ಕುರ್ಚಿ ಇಟ್ಟುಕೊಂಡಿದ್ದೀನಿ ಅಂದುಕೊಳ್ಳುತ್ತಾರೆ ಅಂತ ಜಗಳಕ್ಕೆ ಬರಬಹುದು. ಬಂದರೆ ವ್ಯಾಕರಣ ಹೇಳಲು ಹೋಗಬೇಡಿ. ‘ಫರ್ನಿಚರ್ ಹೌಸ್’ ಅಂತ ಡಿಸೈನ್ ಮಾಡಿ ತೋರಿಸಿ. ಜಾಗವೂ ತುಂಬುತ್ತದೆ, ಕೊನೆಗೆ ಅವರಿಗೆ ಬೇಕಾದ ‘ಸ್’ ಕೂಡ ಕಿವಿಗೆ ಸಿಗುತ್ತದೆ.